ಹಗಲ ಗಾಡಿ

ಮೇಜಿನ ಮ್ಯಾಲ ಎರಡು ಕೀಲಿ ಇಟ್ಟ ಶೇಠ.
ಒಂದು ಹದಿನಾಲ್ಕು ಗಾಲಿದು, ಗುವಾಹಾಟಿ ಲೈನು,
ಸೊಲ್ಲಾಪುರದ ಉಳ್ಳಾಗಡ್ಡಿ ಹೇರಿಕೊಂಡು
ಹೋಗೂದು ಏಳು ದಿನ, ಬರೂದು ದೇವರ ಮರ್ಜಿ.
ಇನ್ನೊಂದು ಆರು ಗಾಲಿಯ ಹಳೇ ಗಾಡಿದು,
ದುಧನಿ ಅಡತಿಯಿಂದ ತೊಗರಿ ಚೀಲ
ಸೊಲ್ಲಾಪುರದ ದಾಲ್ ಮಿಲ್ಲಿಗೆ,
ಹೊತ್ತು ಮುಳುಗೂದ್ರಾಗ ಮನಿಗೆ.
"ಬೀರಣ್ಣಾ, ಹದಿನೆಂಟು ವರ್ಷ ಲೈನ್ ಹೊಡದವ ನೀ,
ನಿನಗ ಕೇಳೂದೇನದ?" ಅಂತ
ದೊಡ್ಡ ಕೀಲಿ ಬೆರಳಿಂದ ನನ್ನ ಕಡೆ ಸರಿಸಿದ.

ನಾ ಸಣ್ಣದು ತಗೊಂಡೆ.

ಹಮಾಲರು ನಕ್ಕರು.
"ಮಗಳು ಹತ್ತನೇ ಇಯತ್ತಾ ಅದಾಳ" ಅಂದೆ,
"ಪರೀಕ್ಷಾ ಮುಗಿಯೋತನ ಮನ್ಯಾಗ ಒಬ್ಬರು ಬೇಕಲ್ಲ."
ಚಹಾದಂಗಡಿಯಾಗೂ ಹಂಗ ಅಂದೆ,
ಭಾವನ ಮುಂದ, ತಮ್ಮನ ಮುಂದ.
ಹೇಳಿ ಹೇಳಿ ಮಾತು ಬೋಳಾಯ್ತು,
ಸವೆದ ಟೈರಿನಂಗ.

ಲಾಡ್ಲೇಸಾಬ ಉಸ್ತಾದ ಮಾತ್ರ ನಗಲಿಲ್ಲ.
ನನಗ ಗಿಯರ್ ಕಲಿಸಿದಾವ,
ಈಗ ಪಂಕ್ಚರ್ ಅಂಗಡಿ ಮುಂದ ಹೊರಸಿನ ಮ್ಯಾಲ ಕೂತಿರ್ತಾನ.
"ಲೋಕಲ್ ಅಂದ್ರ ಏನಂತ ತಿಳದಿ?
ಮಿಲ್ಲಿನ ಗೇಟಿಗೆ ಐದು ತಾಸು ಪಾಳಿ,
ಕಾಯೂದಕ್ಕ ಪಗಾರ ಇಲ್ಲ.
ಲೈನಿನಾಗ ನಿನಗ ನೀನ ಮಾಲಕ.
ಇಲ್ಲಿ ಕಾಟಾದವನೂ ಮಾಲಕ, ಚೀಟಿ ಬರಿಯಾವನೂ ಮಾಲಕ."
ಆಮ್ಯಾಲ ಬೀಡಿ ಹಚ್ಚಿ, ಕಡ್ಡಿಯ ಬೆಂಕಿ
ನನ್ನ ಮಾರಿ ಮುಂದ ಒಂದ್ ಚಣ ಹಿಡದ.
ನಾ ಕಣ್ಣು ಕಿರಿದು ಮಾಡಿದೆ.
ಏನೂ ಕೇಳಲಿಲ್ಲ ಅಂವ. ಕಡ್ಡಿ ಒಗದ.

ಹ್ವಾದ ವರ್ಷ, ಸಿಲಿಗುಡಿ ದಾಟಿದ ಮ್ಯಾಲ, ನಸುಕಿನಾಗ
ಎದುರು ಬರೋ ಲೈಟು ಒಡದಿತ್ತು.
ಒಂದು ಹೋಗಿ ಹನ್ನೆರಡಾಗಿ, ಸುತ್ತ ಬಣ್ಣದ ಬಳಿಯಾಗಿ,
ಜ್ವಾಳದ ಅಳ್ಳು ಹುರಿದಂಗ ಕಣ್ಣ ತುಂಬ ಸಿಡದು
ನಡುವ ಇದ್ದ ಸೈಕಲ್ಲು ನನಗ ಕಾಣಲೇ ಇಲ್ಲ.
ಕ್ಲೀನರ್ ಹುಡುಗ ಒದರಿದ. ಬ್ರೇಕು ಹಿಡೀತು.
ಸೈಕಲ್ಲಿನಾವ ಉರುಳಿದ ಹಾಲಿನ ಕ್ಯಾನು ಎತ್ತಿ ನಿಲ್ಲಿಸಿ
ನನಗ ತಿಳೀಲಾರದ ಭಾಷಾದಾಗ ಬೈದ.
ಅಷ್ಟು ಚಲೋ ಬೈಗುಳ ನಾ ಎಂದೂ ಕೇಳಿರಲಿಲ್ಲ,
ಜೀವ ಇದ್ದ ಬಾಯಿಂದ ಬಂದದ್ದು.

ಲೈಸನ್ಸಿನ ಪರೀಕ್ಷಾದಾಗ ಗ್ವಾಡಿ ಮ್ಯಾಲಿನ ಅಕ್ಷರ
ಮುಂದಿನವ ಓದಿದ್ದು ಕೇಳಿ ಬಾಯಿಪಾಠ ಒಪ್ಪಿಸೀನಿ.
ಹಗಲು ಅಡ್ಡಿಯಿಲ್ಲ. ಹಗಲು ಎಲ್ಲಾ ಕಾಣ್ತದ:
ಮೈಂದರ್ಗಿ ತಿರುವಿನ ಮರಾಠಿ ಫಲಕ, ಅದರ ಕೆಳಗ
ಯಾರೋ ಸುಣ್ಣದಾಗ ಬರೆದ ಕನ್ನಡ,
ಆ ಕನ್ನಡದಾಗಿನ ಒಂದು ತಪ್ಪು ಸಹಿತ.

ಇನ್ನೊಂದು ಮಾತು.
ಲೈನಿನಾಗ ಇದ್ದಾಗ ಕಸ್ತೂರಿ ಕೂಡ ದಿನಾ ರಾತ್ರಿ ಫೋನು,
ಡಾಬಾದ ಹೊರಸಿನ ಮ್ಯಾಲ ಬಿದ್ದು, ತಾಸುಗಟ್ಲೆ.
ಪಲ್ಲೆ ಏನು, ಎಮ್ಮಿ ಎಷ್ಟು ಹಿಂಡ್ತು, ಮಗಳು ಯಾಕ ಸಿಟ್ಟಾಗ್ಯಾಳ.
ಈಗ ದಿನಾ ಮನ್ಯಾಗ ಅದೀನಿ,
ನಾಕು ಮಾತು ಆಡೂದ್ರಾಗ ತಾಟಿನ ಮುಂದ ನಿದ್ದಿ.
ಮೊನ್ನೆ ಅಂದಳು: "ಅಸ್ಸಾಮಿನಾಗ ಇದ್ದಾಗ
ಹತ್ರ ಇದ್ದಿ ನೋಡು."
ನಗಲಿಕ್ಕೆ ಅಂದಳೋ ಏನೋ.

ಮಗಳ ಪರೀಕ್ಷಾ ಮುಗೀತು.
ಶೇಠ ಮತ್ತ ಕರದ, ದೊಡ್ಡ ಕೀಲಿ ಮತ್ತ ಸರಿಸಿದ.
"ಈಗೇನು ನೆಪ?"
"ಅಕ್ಕಲಕೋಟದ ಕಾಲೇಜಿಗೆ ಹಚ್ಚೀನಿ" ಅಂದೆ, "ಬಿಟ್ಟು ಬರೂದು..."
ಮಾತು ಡೀಸೆಲ್ ತೀರಿದ ಗಾಡಿಯಂಗ
ಎರಡು ಸಲ ಜಗ್ಗಿ ನಿಂತಿತು.

ಆ ರಾತ್ರಿ ಕರೆಂಟು ಹೋಗಿತ್ತು.
ಬಾಗಲದಾಗ ಚಪ್ಪಲಿ ಬಿಟ್ಟು, ಕೈ ಮುಂದ ಮಾಡಿ, ಒಳಗ ಬಂದೆ.
ಹೊಸ್ತಿಲಕ್ಕ ಯಾವಾಗೋ ಸುಣ್ಣದ ಬಿಳಿ ಪಟ್ಟಿ ಹೊಡದಾಳ,
ರಸ್ತೆ ಅಂಚಿಗೆ ಹೊಡೀತಾರಲ್ಲ, ಹಂಗ.
ನೀರಿನ ತಂಬಿಗಿ ತಾಟಿನ ಬಲಕ್ಕ, ಗೇಣು ದೂರ,
ದಿನಾ ಅಲ್ಲೇ, ಒಂದ್ ಬೆರಳೂ ಸರಿಯೂದಿಲ್ಲ.
ಎಂದಿನಿಂದ ಹಿಂಗ ಇಡ್ಲಿಕ್ಕತ್ತಾಳ, ನನಗ ನೆನಪಿಲ್ಲ.
ಕೈ ಚಾಚಿದೆ. ಇತ್ತು.
ಕತ್ತಲದಾಗ ಅಕಿ ರೊಟ್ಟಿ ಮುರಿಯೋ ಸಪ್ಪಳ.
"ಖಾರ ಎಡಕ್ಕದ" ಅಂದಳು.