ನೂರಾ ಇಪ್ಪತ್ತೆರಡು

ದುಧನಿಯ ಅಡತಿ ಅಂಗಡಿಯ ಹಳೇ ಕೀರ್ದಿಯಲ್ಲಿ
ತೊಗರಿ ಚೀಲದ ಲೆಕ್ಕ ಮುಗಿದ ಪುಟದ ಬೆನ್ನಿಗೆ
ನನ್ನ ಗಂಡ ಸಿಂಗಾಪುರ ಬರೆಯುತ್ತಾನೆ.
ರೂಢಿಯಂತೆ ಮೇಲೊಂದು ಶ್ರೀ,
ಕೆಳಗೆ ಜಮಾ, ಖರ್ಚು.
ಜಮಾದ ಕಡೆ ಒಂದೇ ಸಾಲು,
ಖರ್ಚಿನ ಕಡೆ ಸಮುದ್ರ.

ಐದು ದಿನ. ಎರಡು ಆಟದ ಪಾರ್ಕಿಗೆ,
ಒಂದು ಶಹರ ಸುತ್ತುವುದಕ್ಕೆ,
ಒಂದು ಬಸ್ಸಿನಲ್ಲಿ ಮಲೇಶಿಯಾಕ್ಕೆ ಹೋಗಿ ಬರುವುದಕ್ಕೆ.
‘ಅಲ್ಲಿ ಗಡಿ ಅಂದ್ರ ಸೇತುವೆ ಅಂತ,
ಎರಡೂ ಕಡೆ ಶಿಕ್ಕಾ ಹೊಡೀತಾರ’
ಎಂದು ಬೆರಗಾಗುತ್ತಾನೆ,
ಪೆಟ್ರೋಲು ಸೋವಿ ಎಂದು ವಾರಕ್ಕೆರಡು ಸಲ
ಬೈಕಿನಲ್ಲಿ ಕರ್ನಾಟಕಕ್ಕೆ ಹೋಗಿ ಬರುವವನು.

ಉಳಿದೊಂದು ದಿನ ನಾನು ಖಾಲಿ ಬಿಡಿಸಿದ್ದೇನೆ.
ಯಾಕೆ ಎಂದ.
ಕಾಲು ನೋಯುವುದಕ್ಕೆ, ಎಂದೆ.

ಓಂಕಾರನ ಚಿಂತೆ ಬೇರೆ.
ಕತ್ತಲಲ್ಲಿ ಓಡುವ ಆ ರೈಲು ಹತ್ತಲು
ನೂರಾ ಇಪ್ಪತ್ತೆರಡು ಸೆಂಟಿಮೀಟರ್ ಬೇಕಂತೆ.
ಅಡುಗೆಮನೆಯ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ,
ತಲೆಯ ಮೇಲೆ ಪಾಟಿ ಇಟ್ಟು ಗೆರೆ ಎಳೆಯುತ್ತೇನೆ:
ನೂರಾ ಹದಿನೆಂಟು.
ಸಾಲಿಯಿಂದ ಬಂದು, ಹಾಲು ಕುಡಿದು,
ಬಾಗಿಲ ಮೇಲಿನ ಕಂಬಿಗೆ ಜೋತುಬಿದ್ದು, ಮತ್ತೆ:
ನೂರಾ ಹದಿನೆಂಟು.
ಮೇ ತಿಂಗಳಿಗೆ ಇನ್ನು ಇಪ್ಪತ್ತಾರು ವಾರ.
ವಾರಕ್ಕೆಷ್ಟು ಬೆಳೆಯಬೇಕು ಎಂದು
ಭಾಗಾಕಾರ ಬಾರದವನು ಭಾಗಿಸುತ್ತ ಕೂತಿದ್ದಾನೆ.

ಅತ್ತೆ ಭೌರಮ್ಮ ಮರದಲ್ಲಿ ಬೇಳೆ ಹಸನು ಮಾಡುತ್ತ
‘ಒಂದ ಆಟಕ್ಕ ಎಷ್ಟೊತ್ತ ನಿಲ್ಲಬೇಕು?’ ಎಂದರು.
ಒಂದೂವರೆ ತಾಸು.
‘ಆಟ ಎಷ್ಟೊತ್ತ?’
ನಾಲ್ಕು ನಿಮಿಷ.
ಹರಳೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು.
ಹೆಚ್ಚು ರೊಕ್ಕ ಕೊಟ್ಟರೆ ಬೇರೆ ಬಾಗಿಲು, ನಿಲ್ಲುವಂತಿಲ್ಲ, ಎಂದ ಮಗ.
‘ಅಂದ್ರ ಸಾಲ ಮಾಡಿ ಸಾಲು ತಪ್ಪಸೂದು.’
ಅವನು ಕೀರ್ದಿಯಲ್ಲಿ ಆ ಬಾಬತ್ತಿಗೆ
ಸದ್ದಿಲ್ಲದೆ ಕಾಟು ಹಾಕಿದ.

ಗಂಟು ಬಿದ್ದದ್ದು ಪಾಸ್‌ಪೋರ್ಟಿಗೆ.
ನಾವು ಇಲ್ಲಿ ಬಿರಾಜದಾರ,
ನಾಲ್ಕು ಹೊಲದಾಚೆ ಅದೇ ಮನೆತನ ಬಿರಾದಾರ.
ಅತ್ತೆಯ ಆಧಾರ್ ಕಾರ್ಡಿನಲ್ಲಿ ಜ ಉಂಟು,
ಬ್ಯಾಂಕಿನ ಪುಸ್ತಕದಲ್ಲಿಲ್ಲ.
ಸೊಲ್ಲಾಪುರದ ಕಚೇರಿಯ ಹುಡುಗಿ ಮರಾಠಿಯಲ್ಲಿ
ಆಜಿ, ಖರೇ ಹೆಸರು ಯಾವುದು, ಎಂದಳು.
ಇವರು ಕನ್ನಡದಲ್ಲಿ,
‘ಎರಡೂ ಖರೇನ ನೋಡವ್ವ.
ಕರಿಯವರ ಮ್ಯಾಲೆ ಐತಿ.’
ಹುಟ್ಟಿದ ರಾಜ್ಯ?
ಹೈದರಾಬಾದ್.
ಯಂತ್ರದ ಪಟ್ಟಿಯಲ್ಲಿ ಆ ರಾಜ್ಯವೇ ಇರಲಿಲ್ಲ.
ಇದ್ದವುಗಳಲ್ಲಿ ಒಂದನ್ನು ಹುಡುಗಿಯೇ ಆರಿಸಿಕೊಟ್ಟಳು.
ಬೆರಳೂ ಮೂಡಲಿಲ್ಲ;
ನಲವತ್ತು ವರ್ಷದ ಬೇಳೆ ಗೆರೆಗಳನ್ನು ತಿಂದಿತ್ತು.
ಒರೆಸಿ ಒತ್ತಿ, ಒದ್ದೆ ಮಾಡಿ ಒತ್ತಿ,
ಐದನೇ ಸಲಕ್ಕೆ ಹಸಿರು ದೀಪ.

ತಿರುಗಿ ಬರುವಾಗ ಪ್ಯಾಸೆಂಜರಿನ ಕಿಟಕಿಯಲ್ಲಿ
ಭಜಿಯ ಎಣ್ಣೆ ಕಾಗದ ಮಡಚುತ್ತ ಕೇಳಿದರು:
‘ಆ ಕತ್ತಲಿ ರೈಲು ಎಲ್ಲಿಗಿ ಹೋಗತೈತಿ?’
ಎಲ್ಲಿಗೂ ಇಲ್ಲ.
ಹತ್ತಿದಲ್ಲೇ ತಂದು ಇಳಿಸುತ್ತದೆ.
ಅಕ್ಕಲಕೋಟ ರೋಡ್ ಬಂತು, ಹೋಯಿತು. ನಾಗಣಸೂರು ಹೋಯಿತು.
ಬೋರೋಟಿ ದಾಟಿದ ಮೇಲೆ
‘ಹಂಗಾದ್ರ ನಾನೂ ಹತ್ತತೀನಿ’ ಎಂದರು.

ನಿನ್ನೆ ಓಂಕಾರನ ಬೂಟು ಒರೆಸುವಾಗ
ಒಳಗೆ ರಟ್ಟು ಸಿಕ್ಕಿತು, ಎರಡು ಪದರ,
ಪಾದದ ಅಳತೆಗೆ ಕತ್ತರಿಸಿದ್ದು.
ಮೇಲೆ ದಾಲ್ ಮಿಲ್ಲಿನ ಅರ್ಧ ಹೆಸರು.
ಇದ್ದಂತೆಯೇ ಒಳಗೆ ತುರುಕಿದೆ.

ರಾತ್ರಿ ಕೀರ್ದಿ ತೆಗೆದರೆ
ಖಾಲಿ ಬಿಟ್ಟ ದಿನದೆದುರು ಪೆನ್ಸಿಲಿನಲ್ಲಿ
ನಡುನಡುವೆ ಮರಾಠಿ ಅಕ್ಷರ ನುಸುಳಿದ ಕನ್ನಡ:
ಮದಲ ದಿನ ಒಳಗ ಬಿಡಲಿಲ್ಲ ಅಂದ್ರ
ಇವತ್ತ ಮತ್ತ ಅಳಸೂದು.