ಬೀಳದವರ ಲೆಕ್ಕ

ಕೌನಾಸ್. ಬೆಳಗಿನ ಐದು. ಮೆಟ್ಟಿಲ ಮೇಲೆ ಗಾಜಿನಂಥ ಮಂಜು.
ಗೆನೊವೈತೆ ಬಕೆಟ್ಟಿನಿಂದ ಹಿಡಿ ಹಿಡಿ ಮರಳು ತೆಗೆದು
ಕೋಳಿಗೆ ಕಾಳು ಚೆಲ್ಲುವ ಹಾಗೆ ಚೆಲ್ಲುತ್ತಾ ಇಳಿಯುತ್ತಾಳೆ.
ನೂರಾ ಹನ್ನೊಂದು ಮೆಟ್ಟಿಲು. ಎಣಿಸಿದ್ದು ಮೊಣಕಾಲು, ಅವಳಲ್ಲ.

ಏಳಕ್ಕೆ ಶಾಲೆಯ ಮಕ್ಕಳು, ಎಂಟಕ್ಕೆ ಬಸುರಿ ದಂತವೈದ್ಯೆ,
ಆಮೇಲೆ ಪಿಟೀಲು ಹೊತ್ತ ಮುದುಕ.
ಯಾರೂ ಬೀಳುವುದಿಲ್ಲ.
ಬೀಳದವರ ಸುದ್ದಿ ಯಾವ ಪತ್ರಿಕೆಗೂ ಬೇಡ.

ಜ್ವರ ಬಂದು ಮಲಗಿದ ಒಂದೇ ದಿನ
ನಗರಸಭೆಗೆ ಹನ್ನೆರಡು ದೂರು.
ಕೇಳಿ, ನಿಂಬೆ ಚಹಾ ಹೀರುತ್ತಾ
ಒಳಗೊಳಗೇ ಹಿಗ್ಗಿದಳು, ಸುಳ್ಳೇಕೆ ಹೇಳಲಿ.

ಮಾರ್ಚಿನಲ್ಲಿ ಅದೇ ಮರಳನ್ನು ಅವಳೇ ಗುಡಿಸಬೇಕು.
ಬೂಟು ಕೊಡವುತ್ತಾ ಯಾರೋ ಗೊಣಗುತ್ತಾರೆ:
"ಎಲ್ಲಿಂದ ಬರುತ್ತೋ ಈ ದೂಳು!"
ಪೊರಕೆ ನಿಲ್ಲಿಸಿ
ಅವಳು ಅವರ ಕಾಲು ನೋಡುತ್ತಾಳೆ.
ಎರಡೂ ನೆಟ್ಟಗಿವೆ.