ಕಾಲಿದ್ದಷ್ಟು ಹಾಸಿಗೆ

ಸೀಸೆಯೊಳಗೆ ಸೀಸ.
ಆಮ್ಲದಲ್ಲಿ ಕುದಿದು, ಕರಗಿ,
ತನ್ನ ಭಾರವನ್ನೇ ಮರೆತ ಸೀಸ,
ಈಗ ಬರೀ ಹಳದಿ ನೀರು.

ಬೊಗುಮಿವಾ ತೊಟ್ಟುತೊಟ್ಟಾಗಿ ಅಮೀನು ಬಿಡುತ್ತಾಳೆ.
ಅಮೀನಿಗೆ ಮೀನು ಕೊಳೆತ ನಾತ.
ಕಿಟಕಿಯಾಚೆ ಓದ್ರಾ ನದಿ
ಹೆಪ್ಪುಗಟ್ಟಲೋ ಬೇಡವೋ ಎಂದು ಯೋಚಿಸುತ್ತಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಸೀಸೆಯೊಳಗೆ ಆ ಗಾದೆ ತಲೆಕೆಳಗು:
ಬಂದವನ ಕಾಲಿದ್ದಷ್ಟು ಹಾಸಿಗೆ.
ಪುಟ್ಟ ಅಮೀನು ಬಂದರೆ
ಸೀಸವೂ ಅಯೋಡಿನ್ನೂ ಮೇಲೆ ಕೆಳಗೆ ಅಕ್ಕಪಕ್ಕ ಕೈಹಿಡಿದು
ನಡುವೆ ಅವನನ್ನು ಕೂರಿಸುತ್ತವೆ; ಹರಳು ಕಪ್ಪು.
ಉದ್ದ ಬಾಲದವನು ಬಂದನೋ,
ಮಹಡಿ ಮಹಡಿಯಾಗಿ ಸರಿದುಕೊಳ್ಳುತ್ತವೆ;
ಹರಳು ಕಿತ್ತಳೆ, ಮೀನಿನ ಹುರುಪೆಯಂಥ ಹಾಳೆ.
ಇನ್ನೂ ಒಡ್ಡೊಡ್ಡಾದವನಿಗೆ ಒಂದೇ ಒಂದು ಸರಪಳಿ.

ಇವಳಿಗೆ ಬೇಕಾದದ್ದು ಆ ಸರಪಳಿ.
ಕಪಾಟಿನ ತಳದ ನೋಟುಪುಸ್ತಕ, ಎಂಬತ್ತೇಳರ ಜನವರಿ,
ಇದೇ ಸೀಸ, ಇದೇ ಅಮೀನು, ಇದೇ ಅಳತೆ,
ಓರೆ ಅಕ್ಷರ: "ಸೂಜಿಗಳು. ತಿಳಿ ಹಳದಿ. ಮೂರನೇ ದಿನ."
ಹದಿನೇಳು ಸಲ ಮಾಡಿದಳು.
ಹದಿನೇಳು ಸಲವೂ ಕಿತ್ತಳೆ ಹಾಳೆ.
ಬರೆದವಳು ಸುಳ್ಳುಬುರುಕಿ ಎಂದ ಟಿಮೊನ್.

ಬರೆದವಳು ಬದುಕಿದ್ದಾಳೆ. ಟ್ರಾಮಿನ ಕೊನೆಯ ನಿಲ್ದಾಣ,
ನಾಲ್ಕನೇ ಮಹಡಿ, ಲಿಫ್ಟಿಲ್ಲ.
ಹಾಲ್ಷ್ಕಾ ವೊಯ್ನಾರ್, ಎಂಬತ್ತೊಂದು.
ಕನ್ನಡಕ ಹುಡುಕಲಿಲ್ಲ, ಪುಟ ನೋಡಲಿಲ್ಲ.
"ಆ ಚಳಿಗಾಲ ಕಲ್ಲಿದ್ದಲು ಬರಲಿಲ್ಲ.
ಲ್ಯಾಬಿನಲ್ಲಿ ಶಾಯಿಯೇ ಗಡ್ಡೆ ಕಟ್ಟುತ್ತಿತ್ತು.
ಸೀಸೆ ಹಾಗೇ ಬಿಟ್ಟರೆ ಥಟ್ಟನೆ ತಣಿದು ಕೆಸರು.
ನನ್ನ ಚಹಾದ ಥರ್ಮಾಸಿಗೆ ಬಿಸಿನೀರು ಹೊಯ್ದು
ಅದರೊಳಗೆ ಇಳಿಸಿದೆ, ಅಮ್ಮನ ಉಣ್ಣೆ ಶಾಲು ಸುತ್ತಿದೆ,
ಮನೆಗೆ ಹೋದೆ."

ಬರೆಯಲಿಲ್ಲ ಯಾಕೆ?

"ಶಾಲು ಸುತ್ತಿದೆ ಅಂತ
ಯಾರಾದರೂ ಬರೆಯುತ್ತಾರೇನು?"
ಸ್ಟೂಲು ಹತ್ತಿ, ಅಟ್ಟದಿಂದ ಅದನ್ನೇ ಇಳಿಸಿಕೊಟ್ಟಳು,
ಮುಚ್ಚಳ ನೆಗ್ಗಿದ್ದು.

ಮೂರನೇ ದಿನ, ಆ ಮುಚ್ಚಳ ತಿರುಗಿಸುವಾಗ
ಬೊಗುಮಿವಾ ಉಸಿರು ಬಿಡಲಿಲ್ಲ.
ತಳದಲ್ಲಿ, ಒಂದಕ್ಕೊಂದು ಒರಗಿ,
ಕೂದಲೆಳೆ ದಪ್ಪದ ತಿಳಿ ಹಳದಿ.
ಆತುರಕ್ಕೆ ಹಾಳೆಯಾಗುತ್ತಿದ್ದದ್ದು
ಸಾವಕಾಶಕ್ಕೆ ನೂಲಾಗಿತ್ತು.
ಎಕ್ಸ್‌ರೇ ಯಂತ್ರ ರಾತ್ರಿಯಿಡೀ ಎಣಿಸಿ
ಸರಪಳಿ ಹೌದು ಎಂದಿತು.
ಯಾಕೆ ಅಂತ ಹೇಳಲಿಲ್ಲ.

ವಿಧಾನ ಎಂಬ ತಲೆಬರಹದ ಕೆಳಗೆ
ಅವಳು ಉಣ್ಣೆ ಶಾಲು ಎಂದು ಬರೆದಳು.
ಟಿಮೊನ್ ಹೊಡೆದುಹಾಕಿದ.
ಮತ್ತೆ ಬರೆದಳು.

ಫೋನಿನಲ್ಲಿ ಹಾಲ್ಷ್ಕಾ ಎಲ್ಲವನ್ನೂ ಕೇಳಿಸಿಕೊಂಡು
ಸ್ವಲ್ಪ ಹೊತ್ತು ಸುಮ್ಮನಿದ್ದು
"ಥರ್ಮಾಸ್ ನೀನೇ ಇಟ್ಟುಕೋ," ಎಂದಳು,
"ಎಷ್ಟು ತೊಳೆದರೂ ಸೀಸ ಸೀಸವೇ.
ನಾನೂ ಅದರಲ್ಲಿ ಮತ್ತೆ ಚಹಾ ಕುಡಿಯಲಿಲ್ಲ."